ಮಿಲ್‌ನಿಂದ ಆಫೀಸಿಗೆ ವೈರ್‌ಗಾರ್ಡ್ ಟನಲ್: ವಿಳಾಸ, ಕೀ, ಫೈರ್‌ವಾಲ್, ಮತ್ತೆ ಕರೆಂಟ್ ಹೋಗಿ ಬಂದ ಮೇಲಿನ ತೊಂದರೆ

ಗಂಗಾವತಿ_ಮಿಲ್:
ಎಲ್ಲರಿಗೂ ನಮಸ್ಕಾರ್ರಿ. ಎರಡು ಜಾಗ ಜೋಡಿಸೋದೈತಿ. ಕಾರಟಗಿ ರಸ್ತೆಯಾಗ ರೈಸ್ ಮಿಲ್, ಗಂಗಾವತಿ ಪೇಟೆಯಾಗ ಆಫೀಸು. ಮಿಲ್‌ನಾಗ ಎಂಟು ಕ್ಯಾಮೆರಾದ ಡಿವಿಆರ್ (ರೆಕಾರ್ಡ್ ಮಾಡೋ ಪೆಟ್ಟಿಗೆ), ಲಾರಿ ಕಾಟಾದ ಕಂಪ್ಯೂಟರ್, ಒಂದು ಪ್ರಿಂಟರ್. ಅಲ್ಲಿಗೆ ಫೈಬರ್ ಬಂದಿಲ್ಲ, 5ಜಿ ಸಿಮ್ ರೌಟರ್ ಇಟ್ಟೀವಿ. ಆಫೀಸಿನಾಗ 100 ಎಂಬಿಪಿಎಸ್ ಫೈಬರ್ ಮತ್ತ ಟ್ಯಾಲಿ ಕಂಪ್ಯೂಟರ್. ಎರಡೂ ಕಡೆ ಓಪನ್‌ಡಬ್ಲ್ಯೂಆರ್‌ಟಿ (ಲಿನಕ್ಸ್ ಆಧಾರದ ರೌಟರ್ ಸಾಫ್ಟ್‌ವೇರ್) ಹಾಕಿದ ರೌಟರ್, 16 ಎಂಬಿ ಫ್ಲ್ಯಾಶ್, 128 ಎಂಬಿ ರ್ಯಾಮ್. ಎರಡರ ಒಳಗಿನ ವಿಳಾಸಾನೂ 192.168.1.1. ಆಫೀಸ್ ರೌಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.72 ಅಂತ ಶುರುವಾಗ್ತೈತಿ.

ಕಾಟಾ ಚೀಟಿಯ ಲೆಕ್ಕ ಆಫೀಸಿನಾಗ ಕಾಣಬೇಕು, ಕ್ಯಾಮೆರಾ ನೋಡಬೇಕು, ಮಿಲ್‌ನಾಗ ಕುಂತವರು ಟ್ಯಾಲಿ ತೆಗೀಬೇಕು. ರೌಟರ್‌ನಾಗ ಡಿವಿಆರ್ ಪೋರ್ಟ್ ಓಪನ್ ಮಾಡಿ, ಹೊರಗಿನಿಂದ ನೇರ ಬರೋ ಬಾಗಿಲು ತೆಗೆದ್ರ ಸಾಕು ಅಂತ ಒಬ್ಬರು ಹೇಳಿದ್ರು. ಎಲ್ಲಿಂದ ಶುರು ಮಾಡ್ಲಿ?

ಬಳ್ಳಾರಿ_ಪ್ಯಾಕೆಟ್:
ಪೋರ್ಟ್ ಓಪನ್ ಮಾಡೋ ಮಾತು ಬಿಟ್ಟುಬಿಡಿ ಅಣ್ಣಾ. ಎರಡೂ ರೌಟರ್ ನಡುವೆ ವೈರ್‌ಗಾರ್ಡ್ ಟನಲ್ ಹಾಕಿ, ಅಂದ್ರೆ ಇಂಟರ್ನೆಟ್ ಮೇಲೇ ಬೀಗ ಹಾಕಿದ ಖಾಸಗಿ ದಾರಿ (ವಿಪಿಎನ್). 2016ರಲ್ಲಿ ಮಿರಾಯ್ ಅನ್ನೋ ಬಾಟ್‌ನೆಟ್ ಬೆಳೆದಿದ್ದೇ ಇಂಥ ಡಿವಿಆರ್, ಕ್ಯಾಮೆರಾಗಳ ಮೇಲೆ. ಕಾರ್ಖಾನೆ ಪಾಸ್‌ವರ್ಡ್ ಬದಲಾಯಿಸದೆ ಇಂಟರ್ನೆಟ್‌ಗೆ ಮುಖ ಮಾಡಿ ಇಟ್ಟ ಪೆಟ್ಟಿಗೆಗಳನ್ನ ಅದು ತಾನಾಗೇ ಹುಡುಕಿ ಹಿಡೀತಿತ್ತು. ಟ್ಯಾಲಿ ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಅದರ ಪರದೆ ನಡೆಸೋ ಸೌಲಭ್ಯ) ಪೋರ್ಟ್ 3389 ಹೊರಗೆ ತೆಗೆದಿಡೋದು ಅದಕ್ಕಿಂತ ಕೆಟ್ಟದ್ದು, ಫೈಲೆಲ್ಲಾ ಬೀಗ ಹಾಕಿ ದುಡ್ಡು ಕೇಳೋರು ಮೊದಲು ತಟ್ಟೋ ಬಾಗಿಲೇ ಅದು.

ನಿಮ್ಮ ಅಸಲಿ ತೊಡಕು 100.72ರಲ್ಲಿ ಐತೆ. 100.64ರಿಂದ 100.127ರವರೆಗಿನ ವಿಳಾಸ ಅಂದ್ರೆ ಸಿಜಿನ್ಯಾಟ್. ನಿಮ್ಮಂಥ ಎಷ್ಟೋ ಗಿರಾಕಿಗಳು ಒಂದೇ ಪಬ್ಲಿಕ್ ವಿಳಾಸದ ಹಿಂದೆ ಇರ್ತಾರೆ, ಹೊರಗಿನಿಂದ ನಿಮ್ಮ ರೌಟರ್‌ಗೆ ದಾರಿನೇ ಇರಲ್ಲ. 5ಜಿ ಸಿಮ್ ಕೂಡ ಹಾಗೇ ಅಂತ ಇಟ್ಕೊಳ್ಳಿ. ಎರಡೂ ತುದಿ ಗೋಡೆ ಹಿಂದೆ ಇದ್ರೆ ಯಾರು ಯಾರನ್ನ ಕರೀಬೇಕು? ಒಂದು ತುದಿಗಾದ್ರೂ ನಿಜವಾದ ಪಬ್ಲಿಕ್ ಐಪಿ ಬೇಕು, ಒಂದು ಸಾಕು. ಫೈಬರ್ ಕೊಟ್ಟವರ ಹತ್ರ ಆಫೀಸಿಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಕೇಳಿ. ಅವರು ಕೊಡಲ್ಲ ಅಂದ್ರೆ ಮುಂಬೈಯಲ್ಲಿ ಸರ್ವರ್ ಇರೋ ಕಡೆ ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ಎರಡೂ ರೌಟರ್ ಅಲ್ಲಿಗೆ ಕರೆ ಮಾಡೋ ಹಾಗೆ ಇಡಬಹುದು. ಆದರೆ ಅದನ್ನ ಕಾಯೋದು, ಅಪ್‌ಡೇಟ್ ಮಾಡೋದು ಇನ್ನೊಂದು ಕೆಲಸ. ಸ್ಟ್ಯಾಟಿಕ್ ಸಿಗೋದಾದ್ರೆ ಅದೇ ಒಳ್ಳೇದು.

ರಾಯಚೂರು_ವೈರಿಂಗ್:
ಐಪಿ ಬರೋತನಕ ಸುಮ್ನ ಕುಂದ್ರಬ್ಯಾಡ್ರಿ, ಈಗಲೇ ಮಾಡೋ ಕೆಲಸ ಒಂದದ. ಎರಡೂ ಕಡೆ 192.168.1 ಇದ್ರ ಟನಲ್ ಎದ್ದರೂ ಏನೂ ನಡೆಯಂಗಿಲ್ಲ. ಆಫೀಸಿನ ಕಂಪ್ಯೂಟರ್ 192.168.1.50 ಹುಡುಕಿದ್ರ ಅದು ತನ್ನ ಕೋಣೆಯಾಗೇ ಹುಡುಕ್ತದ, ರೌಟರ್ ತನಕ ಬರೋದೇ ಇಲ್ಲ. ಆಫೀಸಿಗೆ 192.168.10, ಮಿಲ್‌ಗೆ 192.168.20 ಇಡ್ರಿ, ಟನಲ್‌ಗೆ ಬೇರೆ 10.77.0. 192.168.0 ಮತ್ತ 192.168.1 ಎರಡನ್ನೂ ಎಲ್ಲೂ ಬಳಸಬ್ಯಾಡ್ರಿ. ನಾಳೆ ಫೋನಿನಿಂದ ಯಾರದೋ ಮನಿ ವೈಫೈಯಾಗ ಕುಂತು ನೋಡಬೇಕಂದ್ರ ಅದೇ ಅಡ್ಡ ಬರ್ತದ.

ವಿಳಾಸ ಬದಲಿಸಿದ ಕೂಡ್ಲೆ ಡಿವಿಆರ್, ಪ್ರಿಂಟರ್, ಕಾಟಾ ಕಂಪ್ಯೂಟರ್ ಮೂರನ್ನೂ ಕೈಯಾರೆ ತೆಗೆದು ನೋಡ್ರಿ. ಐಪಿ ಅಷ್ಟೇ ಅಲ್ಲ, ಗೇಟ್‌ವೇ ಸಹ, ಅಂದ್ರ ಹೊರಗ ಹೋಗೋಕ ಅದು ಕೇಳೋ ರೌಟರ್‌ನ ವಿಳಾಸ. ಈ ಮಾತು ಬರೆದಿಟ್ಕೊಳ್ರಿ.

ಸಿಂಧನೂರು_ಸಿಸಿಟಿವಿ:
ಇಷ್ಟೆಲ್ಲಾ ಯಾಕ್ರಿ, ಎಷ್ಟೋ ರೌಟರ್‌ನ್ಯಾಗ ಪಿಪಿಟಿಪಿ (ಇನ್ನೊಂದು ವಿಪಿಎನ್ ಪದ್ಧತಿ) ಸರ್ವರ್ ಮೊದಲೇ ಬಂದಿರ್ತದ. ಒಂದು ಟಿಕ್ ಹಾಕಿದ್ರ ಆತು. ವಿಂಡೋಸ್‌ನ್ಯಾಗೂ ಅದ.

ಕೊಪ್ಪಳ_ಲಿನಕ್ಸ್:
ಪಿಪಿಟಿಪಿ ಬ್ಯಾಡ್ರಿ ಸರ್. ಅದರ ಪಾಸ್‌ವರ್ಡ್ ಪದ್ಧತಿ ಎಂಎಸ್-ಚಾಪ್ ಎರಡನೇ ಆವೃತ್ತಿಯನ್ನ ಪೂರ್ತಿ ಒಡೀಬಹುದು ಅಂತ 2012ರಲ್ಲೇ ಎಲ್ಲರ ಮುಂದೆ ತೋರಿಸಿದ್ರು. ಆ್ಯಪಲ್‌ನವರು 2016ರಲ್ಲಿ ಐಓಎಸ್ 10ರಿಂದ ತೆಗೆದೇ ಹಾಕಿದ್ರು. ಬೀಗ ಹಾಕಿದಂಗ ಕಾಣ್ತೈತಿ, ಬೀಗ ಇರಲ್ಲ.

ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ ಕರ್ನಲ್ 5.6ರಿಂದ ಒಳಗೇ ಸೇರೈತಿ. ಮೈಕ್ರೋಟಿಕ್ ಕಂಪನಿಯ ರೌಟರ್ ಇದ್ದವರಿಗೆ ರೌಟರ್‌ಓಎಸ್ 7 ಬೇಕು, 6ರಲ್ಲಿ ಇಲ್ಲ. ಅದರಲ್ಲಿ ತಾನಾಗೇ ಬರೋ ಪೋರ್ಟ್ 13231, ಉಳಿದ ಕಡೆ ರೂಢಿಯಲ್ಲಿರೋದು 51820. ಎರಡು ತುದಿ ಬೇರೆ ಬೇರೆ ಕಂಪನಿಯ ರೌಟರ್ ಇದ್ದಾಗ ಇಲ್ಲೇ ಎಡವ್ತಾರ.

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಹೀಗ ಮಾಡ್ರಿ. ಸಿಸ್ಟಮ್ ಮೆನುವಿನ ಸಾಫ್ಟ್‌ವೇರ್ ಪುಟಕ್ಕ ಹೋಗಿ ‘ಲ್ಯೂಸಿ-ಪ್ರೋಟೋ-ವೈರ್‌ಗಾರ್ಡ್’ ಹಾಕ್ರಿ, ರೌಟರ್ ಒಮ್ಮೆ ರೀಬೂಟ್ ಮಾಡ್ರಿ. ರೀಬೂಟ್ ಮಾಡದಿದ್ರ ಪ್ರೋಟೋಕಾಲ್ ಪಟ್ಟಿಯಲ್ಲಿ ವೈರ್‌ಗಾರ್ಡ್ ಕಾಣದೇ ಇರಬಹುದು. ಆಮೇಲೆ ನೆಟ್‌ವರ್ಕ್, ಇಂಟರ್‌ಫೇಸಸ್, ಹೊಸ ಇಂಟರ್‌ಫೇಸ್. ಅಲ್ಲೇ ಕೀ ಜೋಡಿ ಹುಟ್ಟಿಸೋ ಬಟನ್ ಐತಿ. ಪ್ರತಿ ರೌಟರ್ ತನ್ನ ಪ್ರೈವೇಟ್ ಕೀ ತಾನೇ ಹುಟ್ಟಿಸಬೇಕು, ಅದು ಆ ಪೆಟ್ಟಿಗೆ ಬಿಟ್ಟು ಹೊರಗ ಬರಬಾರದು. ಆಚೆ ಕಳಿಸೋದು ಪಬ್ಲಿಕ್ ಕೀ ಮಾತ್ರ. ಕೀ 44 ಅಕ್ಷರ ಇರ್ತೈತಿ, ಕೊನೆಗೆ ಸಮ ಚಿಹ್ನೆ. ವಾಟ್ಸ್ಆ್ಯಪ್‌ನಿಂದ ಕಾಪಿ ಮಾಡುವಾಗ ಆ ಸಮ ಚಿಹ್ನೆ ಬಿಟ್ಟು ಹೋಗ್ತೈತಿ, ನೋಡ್ಕೊಳ್ರಿ.

ಆಫೀಸ್ ಕಡೆ: ಲಿಸನ್ ಪೋರ್ಟ್ 51820, ವಿಳಾಸ 10.77.0.1/24. ಪಿಯರ್‌ನಲ್ಲಿ (ಎದುರಿನ ತುದಿಯ ವಿವರ) ಮಿಲ್‌ನ ಪಬ್ಲಿಕ್ ಕೀ, ಅಲೌಡ್ ಐಪಿ ಎರಡು: 10.77.0.2/32 ಮತ್ತ 192.168.20.0/24. ಎಂಡ್‌ಪಾಯಿಂಟ್ (ಕರೆ ಮಾಡಬೇಕಾದ ವಿಳಾಸ) ಖಾಲಿ ಬಿಡ್ರಿ. /32 ಅಂದ್ರ ಒಂದೇ ವಿಳಾಸ, /24 ಅಂದ್ರ ಆ ಇಡೀ ಸಾಲು.

ಮಿಲ್ ಕಡೆ: ವಿಳಾಸ 10.77.0.2/24. ಪಿಯರ್‌ನಲ್ಲಿ ಆಫೀಸಿನ ಪಬ್ಲಿಕ್ ಕೀ, ಅಲೌಡ್ ಐಪಿ 10.77.0.1/32 ಮತ್ತ 192.168.10.0/24, ಎಂಡ್‌ಪಾಯಿಂಟ್ ಆಫೀಸಿನ ಸ್ಟ್ಯಾಟಿಕ್ ಐಪಿ, ಪೋರ್ಟ್ 51820, ಕೀಪ್‌ಅಲೈವ್ (ಸುಮ್ಮನಿದ್ದಾಗ್ಲೂ ಸಣ್ಣ ಪ್ಯಾಕೆಟ್ ಕಳಿಸೋ ಅಂತರ) 25 ಸೆಕೆಂಡು. ಈ 25 ಮಿಲ್ ಕಡೆಗೇ ಬೇಕು. ಸಿಜಿನ್ಯಾಟ್ ತನ್ನ ನೆನಪಿನ ಸಾಲನ್ನ ಸ್ವಲ್ಪ ಹೊತ್ತು ಸುಮ್ಮನಿದ್ರ ಅಳಿಸಿಬಿಡ್ತೈತಿ, ಆಮೇಲೆ ಆಫೀಸಿನಿಂದ ಮಿಲ್‌ಗೆ ಹೋಗೋ ದಾರಿ ಮುಚ್ತೈತಿ.

‘ರೂಟ್ ಅಲೌಡ್ ಐಪಿ’ ಅನ್ನೋ ಟಿಕ್ ಎರಡೂ ಕಡೆ ಹಾಕ್ರಿ. ಅಲೌಡ್ ಐಪಿ ಅಂದ್ರ ಬರೀ ಅನುಮತಿ ಪಟ್ಟಿ ಅಲ್ಲ. ಹೋಗುವಾಗ ಯಾವ ವಿಳಾಸ ಯಾವ ಪಿಯರ್‌ಗೆ ಅಂತ ಹೇಳೋದೂ ಅದೇ, ಬರುವಾಗ ಆ ಪಿಯರ್‌ನಿಂದ ಈ ವಿಳಾಸ ಬರಬಹುದಾ ಅಂತ ತಡೆದು ನೋಡೋದೂ ಅದೇ. ಒಂದು ಕಡೆ ಬಿಟ್ರೂ ಪ್ಯಾಕೆಟ್ ಸದ್ದಿಲ್ಲದೆ ಸಾಯ್ತೈತಿ.

ಬಳ್ಳಾರಿ_ಪ್ಯಾಕೆಟ್:
ಫೈರ್‌ವಾಲ್ ನಾನು ಹೇಳ್ತೀನಿ. ‘ವಿಪಿಎನ್’ ಅಂತ ಹೊಸ ಜೋನ್ ಮಾಡಿ, ಅದರೊಳಗೆ ವೈರ್‌ಗಾರ್ಡ್ ಇಂಟರ್‌ಫೇಸ್ ಹಾಕಿ. ವಿಪಿಎನ್‌ನಿಂದ ಲ್ಯಾನ್‌ಗೆ (ಒಳಗಿನ ಜಾಲಕ್ಕೆ), ಲ್ಯಾನ್‌ನಿಂದ ವಿಪಿಎನ್‌ಗೆ ಎರಡೂ ಫಾರ್ವರ್ಡ್ ಬಿಡಿ. ಮಾಸ್ಕರೇಡ್ (ಕಳಿಸಿದವರ ವಿಳಾಸದ ಬದಲು ರೌಟರ್‌ನ ವಿಳಾಸ ಹಾಕೋದು) ಹಾಕಬೇಡಿ, ಎಂಎಸ್ಎಸ್ ಕ್ಲ್ಯಾಂಪಿಂಗ್ (ಟಿಸಿಪಿ ಪ್ಯಾಕೆಟ್‌ನ ಅಳತೆ ಮೊದಲೇ ಇಳಿಸೋದು) ಟಿಕ್ ಹಾಕಿ. ಆಫೀಸ್ ರೌಟರ್‌ನಲ್ಲಿ ಮಾತ್ರ ಒಂದು ಟ್ರಾಫಿಕ್ ನಿಯಮ: ವ್ಯಾನ್‌ನಿಂದ ಈ ಸಾಧನಕ್ಕೆ, ಯುಡಿಪಿ, 51820, ಬಿಡು. ಅಷ್ಟೇ. ಟಿಸಿಪಿ ಬೇಕಿಲ್ಲ, ವೈರ್‌ಗಾರ್ಡ್ ಯುಡಿಪಿ ಮೇಲೇ ಓಡೋದು.

ಸ್ಟ್ಯಾಟಿಕ್ ಐಪಿ ಬಂದ ಮೇಲೆ ಆಫೀಸ್ ರೌಟರ್‌ನ ವ್ಯಾನ್ ವಿಳಾಸ ಮತ್ತೊಮ್ಮೆ ನೋಡಿ. ಅಲ್ಲಿ ಆ ಪಬ್ಲಿಕ್ ಐಪಿನೇ ಕಾಣಬೇಕು. 192.168 ಅಂತ ಕಂಡ್ರೆ ಫೈಬರ್ ಪೆಟ್ಟಿಗೆಯೂ ರೌಟರ್ ಕೆಲಸ ಮಾಡ್ತೈತೆ ಅಂತ ಅರ್ಥ. ಅದನ್ನ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಇಲ್ಲಾ ಅದರಲ್ಲಿ ಯುಡಿಪಿ 51820 ಮುಂದಕ್ಕೆ ತಳ್ಳಿಸಿ.

ಗಂಗಾವತಿ_ಮಿಲ್ (ನಾಲ್ಕು ದಿನ ಬಿಟ್ಟು):
ಸ್ಟ್ಯಾಟಿಕ್ ಐಪಿ ಬಂತು. ಹೇಳಿದಂಗ ಎಲ್ಲಾ ಹಾಕೀನಿ. ಸ್ಟೇಟಸ್ ಪುಟದಾಗ ಹ್ಯಾಂಡ್‌ಶೇಕ್ (ಎರಡೂ ತುದಿ ಪರಿಚಯ ಮಾಡ್ಕೊಂಡಿದ್ದು) ಕಾಣ್ತೈತಿ, 40 ಸೆಕೆಂಡಿನ ಹಿಂದೆ ಅಂತ. ಆಫೀಸಿನಿಂದ 192.168.20.1 ಪಿಂಗ್ ಆಗ್ತೈತಿ. ಡಿವಿಆರ್ 192.168.20.50 ಆಗವಲ್ದು. ಕಾಟಾ ಕಂಪ್ಯೂಟರ್ 192.168.20.60 ಅದೂ ಇಲ್ಲ. ಪ್ರಿಂಟರ್ ಮಾತ್ರ ಆಗ್ತೈತಿ.

ಸಿಂಧನೂರು_ಸಿಸಿಟಿವಿ:
ಡಿವಿಆರ್ ನನಗ ಬಿಡ್ರಿ. ಅದರ ನೆಟ್‌ವರ್ಕ್ ಪುಟದಾಗ ಗೇಟ್‌ವೇ ಇನ್ನೂ 192.168.1.1 ಇರ್ತದ, ಇಲ್ಲಾ ಖಾಲಿ. ಅದೇ ಕೋಣೆಯಾಗ ಕುಂತು ನೋಡಿದ್ರ ಗೇಟ್‌ವೇ ತಪ್ಪಿದ್ರೂ ಚಿತ್ರ ಬರ್ತದ, ಅದಕ್ಕ ಯಾರಿಗೂ ಗೊತ್ತಾಗೋದಿಲ್ಲ. ನಿಮ್ಮ ಪಿಂಗ್ ಡಿವಿಆರ್ ತನಕ ಮುಟ್ಟೇದ. ಉತ್ತರ ಕೊಡೋಕ 192.168.10ಕ್ಕ ಹೋಗೋ ದಾರಿ ಅದಕ್ಕ ಗೊತ್ತಿಲ್ಲ. 192.168.20.1 ಹಾಕಿ ಸೇವ್ ಮಾಡ್ರಿ, ಡಿವಿಆರ್ ರೀಬೂಟ್ ಮಾಡ್ರಿ. ಬಿಡಿ ಐಪಿ ಕ್ಯಾಮೆರಾ ಏನಾದ್ರೂ ಇದ್ರ ಒಂದೊಂದಕ್ಕೂ ಇದೇ ಕೆಲಸ.

ಪಾಸ್‌ವರ್ಡ್ ಕಳೆದು ಹೋಗಿ ಗೇಟ್‌ವೇ ಬದಲಿಸೋಕ ಬರದಿದ್ರ, ಮಿಲ್ ರೌಟರ್‌ನ ಲ್ಯಾನ್ ಜೋನ್‌ಗೆ ಮಾಸ್ಕರೇಡ್ ಹಾಕಿ ಸದ್ಯಕ್ಕ ನಡೆಸಬಹುದು. ಆವಾಗ ಡಿವಿಆರ್‌ಗ ಎಲ್ಲಾ ರೌಟರ್‌ನಿಂದಲೇ ಬಂದಂಗ ಕಾಣ್ತದ, ಯಾರು ಯಾವಾಗ ನೋಡಿದ್ರು ಅನ್ನೋ ದಾಖಲೆ ಹೋಗ್ತದ. ಕಾಯಂ ಇಡಬ್ಯಾಡ್ರಿ.

ಪಿಪಿಟಿಪಿ ಬಗ್ಗೆ ಮೇಲೆ ಹೇಳಿದ್ದು ವಾಪಸ್ ತಗೊಂಡೀನಿ. 2012ರ ವಿಷಯ ಗೊತ್ತಿರಲಿಲ್ಲ.

ರಾಯಚೂರು_ವೈರಿಂಗ್:
ಕಾಟಾ ಕಂಪ್ಯೂಟರ್ ವಿಂಡೋಸ್ ಇರಬೇಕು. ವಿಂಡೋಸ್ ಫೈರ್‌ವಾಲ್ ಪಿಂಗ್ ಮತ್ತ ಫೈಲ್ ಹಂಚಿಕೆಯನ್ನ ತನ್ನ ಲೋಕಲ್ ಸಬ್‌ನೆಟ್‌ಗೆ ಮಾತ್ರ ಬಿಡ್ತದ. ಪೂರ್ತಿ ಆಫ್ ಮಾಡಬ್ಯಾಡ್ರಿ. ಇನ್‌ಬೌಂಡ್ ನಿಯಮದಾಗ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಸಾಲುಗಳನ್ನ ತೆಗೆದು, ಸ್ಕೋಪ್ ಟ್ಯಾಬ್‌ನಾಗ ರಿಮೋಟ್ ವಿಳಾಸಕ್ಕ 192.168.10.0/24 ಸೇರಿಸ್ರಿ.

ಇನ್ನ ಟ್ಯಾಲಿ. ಟ್ಯಾಲಿ ಡೇಟಾ ಫೋಲ್ಡರ್ ಹಂಚಿ ಮಿಲ್‌ನಿಂದ ತೆಗೆಯೋದು ಬ್ಯಾಡ. ಸಣ್ಣ ಸಣ್ಣ ಓದು-ಬರಹ ನೂರಾರು ಸಲ ಆಕಡೆ ಈಕಡೆ ಓಡಾಡ್ತದ, 5ಜಿಯಾಗ ಒಂದೊಂದಕ್ಕೂ ಹತ್ತಾರು ಮಿಲಿಸೆಕೆಂಡ್ ತಡ. ವೋಚರ್ ಉಳಿಸುವಾಗ ಸಿಗ್ನಲ್ ಹೋದ್ರ ಡೇಟಾ ಕೆಡೋ ಭಯಾನೂ ಅದ. ಟನಲ್ ಒಳಗಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸ್ರಿ. ಲೈನ್ ಕಡಿದ್ರೂ ಟ್ಯಾಲಿ ಆಫೀಸಿನಾಗ ಓಡ್ತಾನೇ ಇರ್ತದ, ಮತ್ತ ಜೋಡಿಸಿದ್ರ ಬಿಟ್ಟ ಜಾಗದಾಗೇ ಇರ್ತದ. ಆದ್ರ ಆಫೀಸಿನ ವಿಂಡೋಸ್ ಹೋಮ್ ಆವೃತ್ತಿ ಇದ್ರ ರಿಮೋಟ್ ಡೆಸ್ಕ್‌ಟಾಪ್ ಸ್ವೀಕರಿಸಂಗಿಲ್ಲ, ಪ್ರೋ ಬೇಕು. ಮತ್ತ ಮಿಲ್‌ನವರು ಒಳಗ ಬಂದ್ರ ಅಲ್ಲಿ ಕುಂತವರ ಪರದೆ ಲಾಕ್ ಆಗ್ತದ, ಇಬ್ಬರೂ ಒಟ್ಟಿಗೆ ಬಳಸೋಕ ಬರಂಗಿಲ್ಲ. ಸಮಯ ಹಂಚ್ಕೊಳ್ರಿ, ಇಲ್ಲಾ ಬೇರೆ ಕಂಪ್ಯೂಟರ್ ಇಡ್ರಿ.

ಗಂಗಾವತಿ_ಮಿಲ್:
ಗೇಟ್‌ವೇ ಅದೇ ಇತ್ತು, 192.168.1.1! ಸರಿ ಮಾಡಿದೆ, ಡಿವಿಆರ್ ಬಂತು. ಕಾಟಾದ್ದೂ ಬಂತು. ಆದ್ರ ಕ್ಯಾಮೆರಾ ಹೆಸರಿನ ಪಟ್ಟಿ ಬರ್ತೈತಿ, ಚಿತ್ರ ಎರಡು ಸೆಕೆಂಡ್ ಬಂದು ನಿಲ್ತೈತಿ. ಪಿಂಗ್ ಚಂದ ಐತಿ.

ಕೊಪ್ಪಳ_ಲಿನಕ್ಸ್:
ಸಣ್ಣದು ಹೋಗ್ತೈತಿ, ದೊಡ್ಡದು ನಿಲ್ತೈತಿ ಅಂದ್ರ ಮೊದಲು ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ನೋಡಬೇಕು. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೆ ಹೊರಗಿನ ಹೊದಿಕೆ ಹಾಕ್ತೈತಿ: ಐಪಿವಿ4 ಮೇಲೆ 60 ಬೈಟ್, ಐಪಿವಿ6 ಮೇಲೆ 80. 1500ರಲ್ಲಿ 80 ಕಳೆದು 1420 ಅನ್ನೋದು ತಾನಾಗೇ ಬರೋ ಲೆಕ್ಕ. ಆಫೀಸಿನ ಫೈಬರ್ ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಏಳೋ ಲೈನು) ಇದ್ರ 1500 ಇರಲ್ಲ, 1492. ಮೊಬೈಲ್ ಜಾಲ ಇನ್ನೂ ಸ್ವಲ್ಪ ತಿನ್ನಬಹುದು. ಆವಾಗ ಹೊರಗಿನ ಪ್ಯಾಕೆಟ್ ತುಂಡಾಗ್ತೈತಿ, ಆ ತುಂಡುಗಳು ನ್ಯಾಟ್ ದಾಟುವಾಗ ಕಳೆದು ಹೋಗ್ತಾವ. ಎಂಎಸ್ಎಸ್ ಕ್ಲ್ಯಾಂಪಿಂಗ್ ಟಿಸಿಪಿಗೆ ಮಾತ್ರ ನೆರವು, ಕ್ಯಾಮೆರಾದ ವಿಡಿಯೊ ಯುಡಿಪಿಯಲ್ಲಿ ಬರ್ತಿದ್ರ ಅದು ಮುಟ್ಟಲ್ಲ.

ಎರಡೂ ಕಡೆ ವೈರ್‌ಗಾರ್ಡ್ ಇಂಟರ್‌ಫೇಸ್‌ನ ಎಂಟಿಯು 1280 ಮಾಡಿ ನೋಡ್ರಿ. ಚಿತ್ರ ಸರಿ ಬಂದ್ರ ರೋಗ ಇದೇ. ಆಮೇಲೆ 1380, 1400 ಅಂತ ಏರಿಸಿ, ಪ್ರತಿ ಸಲ ವಿಂಡೋಸ್‌ನಿಂದ ಪಿಂಗ್‌ಗೆ ಮೈನಸ್ ಎಫ್ (ತುಂಡು ಮಾಡಬ್ಯಾಡ) ಮತ್ತ ಮೈನಸ್ ಎಲ್ (ಇಷ್ಟು ಬೈಟ್) ಹಾಕಿ ಅಳೀರಿ. ಎಂಟಿಯುದಾಗ 28 ಕಳೆದಷ್ಟು ಬೈಟ್ ಕಳಿಸಬೇಕು: 1400 ಇದ್ರ 1372. ಉತ್ತರ ಬಂದ್ರ ಸರಿ, ಬರದಿದ್ರ ಒಂದು ಮೆಟ್ಟಿಲು ಇಳೀರಿ.

ಸಿಂಧನೂರು_ಸಿಸಿಟಿವಿ:
ಜತೆಗೆ ಮಿಲ್‌ನ ಅಪ್‌ಲೋಡ್ ಎಷ್ಟದ ನೋಡ್ರಿ. ಎಂಟು ಕ್ಯಾಮೆರಾ ಮೇನ್ ಸ್ಟ್ರೀಮ್‌ನ್ಯಾಗ (ಪೂರ್ತಿ ಚಿತ್ರ) ತಲಾ 2 ಎಂಬಿಪಿಎಸ್ ಅಂದ್ರ 16 ಎಂಬಿಪಿಎಸ್ ಮ್ಯಾಲಕ್ಕ ಹೋಗಬೇಕು. ಪರದೆಯಾಗ ಎಂಟೂ ಒಟ್ಟಿಗೆ ನೋಡೋಕ ಸಬ್ ಸ್ಟ್ರೀಮ್ (ಹಗುರ ಚಿತ್ರ) ಇಡ್ರಿ, ತಲಾ 512 ಕೆಬಿಪಿಎಸ್, ಎಲ್ಲಾ ಸೇರಿ 4 ಎಂಬಿಪಿಎಸ್. ಒಂದನ್ನ ದೊಡ್ಡದು ಮಾಡಿದಾಗ ಮೇನ್. ರೆಕಾರ್ಡಿಂಗ್ ಹೆಂಗಿದ್ರೂ ಮಿಲ್‌ನ ಡಿಸ್ಕಿನಾಗೇ ಆಗ್ತದ.

ಗಂಗಾವತಿ_ಮಿಲ್ (ವಾರ ಬಿಟ್ಟು):
1380ಕ್ಕ ಕುಂತೈತಿ, ಚಿತ್ರ ಚಂದ ಬರ್ತೈತಿ. ಈಗ ಹೊಸ ತೊಂದರೆ. ಮಿಲ್‌ನಾಗ ಕರೆಂಟ್ ಹೋಗಿ ಬಂದ ಮೇಲೆ ಟನಲ್ ಏಳವಲ್ದು. ಸಿಮ್ ರೌಟರ್ ವೈಫೈಗೆ ಫೋನ್ ಹಚ್ಚಿದ್ರ ಇಂಟರ್ನೆಟ್ ಐತಿ. ಕೀ ಮುಟ್ಟಿಲ್ಲ. ಆಫೀಸ್ ರೌಟರ್ ರೀಬೂಟ್ ಮಾಡಿದ್ರ ಆ ಕ್ಷಣಕ್ಕ ಬರ್ತೈತಿ! ಮಿಲ್‌ನದ್ದು ಹತ್ತು ಸಲ ರೀಬೂಟ್ ಮಾಡಿದ್ರೂ ಇಲ್ಲ. ಇನ್ನೊಂದು, ಮಿಲ್‌ನ ಅಲೌಡ್ ಐಪಿಗೆ ಮೊನ್ನೆ 0.0.0.0/0 ಹಾಕಿದ್ದೆ, ಫೋನಿನ ಕಾನ್ಫಿಗ್‌ನಾಗ ಹಂಗ ಇತ್ತು ಅಂತ.

ಬಳ್ಳಾರಿ_ಪ್ಯಾಕೆಟ್:
ಆಫೀಸಿನದ್ದು ರೀಬೂಟ್ ಮಾಡಿದ್ರೆ ಬರುತ್ತೆ ಅಂದ್ರಲ್ಲ, ಆ ಒಂದು ಮಾತಲ್ಲೇ ಉತ್ತರ ಐತೆ. ಆಫೀಸ್ ರೌಟರ್‌ನಲ್ಲಿ ಟಿಸಿಪಿಡಂಪ್ (ಹಾದು ಹೋಗೋ ಪ್ಯಾಕೆಟ್ ತೋರಿಸೋ ಪ್ರೋಗ್ರಾಂ) ಹಾಕಿ ವ್ಯಾನ್‌ನ 51820 ನೋಡಿ. 148 ಬೈಟ್‌ನ ಪ್ಯಾಕೆಟ್ ಐದೈದು ಸೆಕೆಂಡಿಗೆ ಬರ್ತಿದ್ದು, ವಾಪಸ್ 92 ಬೈಟ್ ಹೋಗ್ತಿಲ್ಲ ಅಂದ್ರೆ, ಮಿಲ್ ಕರೀತೈತೆ, ಆಫೀಸು ಕೇಳಿಸ್ಕೊಂಡೂ ಬೇಡ ಅಂತೈತೆ. 148 ಅಂದ್ರೆ ಹ್ಯಾಂಡ್‌ಶೇಕ್‌ನ ಮೊದಲ ಮಾತು, 92 ಅದರ ಉತ್ತರ.

ಕೊಪ್ಪಳ_ಲಿನಕ್ಸ್:
ಇದು ಗಡಿಯಾರದ ದೋಷ. ವೈರ್‌ಗಾರ್ಡ್‌ನ ಮೊದಲ ಮಾತಿನೊಳಗ ಕಳಿಸಿದ ಹೊತ್ತು ಬರೆದಿರ್ತೈತಿ. ಹಳೇ ಪ್ಯಾಕೆಟ್ ಹಿಡಿದಿಟ್ಟು ಮತ್ತೆ ಎಸೆಯೋರನ್ನ ತಡೆಯೋಕ ಆಫೀಸಿನ ಕಡೆ ಆ ಪಿಯರ್‌ನಿಂದ ಕೊನೆಗೆ ಬಂದ ಹೊತ್ತನ್ನ ನೆನಪಿಟ್ಕೊಂಡು, ಅದಕ್ಕಿಂತ ಹಿಂದಿನದು ಬಂದ್ರ ಉತ್ತರಾನೇ ಕೊಡಲ್ಲ. ಸಣ್ಣ ರೌಟರ್‌ಗಳೊಳಗ ಗಡಿಯಾರದ ಬ್ಯಾಟರಿ ಇರಲ್ಲ. ಕರೆಂಟ್ ಬಂದಾಗ ಓಪನ್‌ಡಬ್ಲ್ಯೂಆರ್‌ಟಿ ಸೆಟ್ಟಿಂಗ್ ಫೈಲ್‌ಗಳಲ್ಲಿ ಯಾವುದು ಹೊಸದೋ ಅದರ ದಿನಾಂಕವನ್ನೇ ಈಗಿನ ಹೊತ್ತು ಅಂತ ಹಿಡೀತೈತಿ. ನೀವು ಸೆಟ್ಟಿಂಗ್ ಮುಟ್ಟಿ ಮೂರು ದಿನ ಆಗಿದ್ರ ಗಡಿಯಾರ ಮೂರು ದಿನ ಹಿಂದೆ. ಆಫೀಸ್ ರೌಟರ್ ರೀಬೂಟ್ ಆದ್ರ ಅದರ ನೆನಪು ಅಳಿಸ್ತೈತಿ, ಅದಕ್ಕ ಆವಾಗ ಒಪ್ಪಿಕೊಳ್ತೈತಿ.

ಇಂಟರ್ನೆಟ್‌ನಿಂದ ಹೊತ್ತು ತಗೊಂಡು ತಾನೇ ಸರಿ ಹೋಗಬೇಕಿತ್ತು. ಹೋಗಿಲ್ಲ ಯಾಕಂದ್ರ ನಿಮ್ಮ 0.0.0.0/0. ಎಲ್ಲಾ ಟ್ರಾಫಿಕ್ ಟನಲ್‌ಗೆ ಹಾಕಿದ್ರಿ, ಎನ್‌ಟಿಪಿ (ಹೊತ್ತು ಕೇಳೋ ಪದ್ಧತಿ) ಸಹ ಟನಲ್‌ಗೇ ಹೋಗ್ತೈತಿ. ಟನಲ್ ಏಳೋಕ ಹೊತ್ತು ಬೇಕು, ಹೊತ್ತು ಬರೋಕ ಟನಲ್ ಬೇಕು. ಅಲೌಡ್ ಐಪಿಯನ್ನ ಮೊದಲಿನ ಎರಡು ಸಾಲಿಗೆ ತರ್ರಿ. ಸಿಸ್ಟಮ್ ಪುಟದಾಗ ಎನ್‌ಟಿಪಿ ಕ್ಲೈಂಟ್ ಆನ್ ಐತಾ ನೋಡ್ರಿ. ಮಿಲ್ ರೌಟರ್‌ನ ಡಿಎನ್‌ಎಸ್ 192.168.10.1 ಅಂತ ಇಟ್ಟಿದ್ರ ಅದನ್ನೂ ತೆಗೀರಿ, ಎನ್‌ಟಿಪಿ ಸರ್ವರ್ ಹೆಸರು ಹುಡುಕೋಕ ಅದೂ ಟನಲ್ ಕೇಳ್ತೈತಿ.

ರಾಯಚೂರು_ವೈರಿಂಗ್:
ಜತೆಗೆ 12 ವೋಲ್ಟಿನ ಮಿನಿ ಯುಪಿಎಸ್ ಇಡ್ರಿ, ಸಿಮ್ ರೌಟರ್‌ಗೊಂದು, ಈ ರೌಟರ್‌ಗೊಂದು. ಕೊಳ್ಳೋಕ ಮುಂಚೆ ಎರಡೂ ಅಡಾಪ್ಟರ್‌ನ ಚೀಟಿ ಓದ್ರಿ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಇಲ್ಲಾ ಹೆಚ್ಚು. ಮಿಲ್ ಮೋಟಾರಿನ ಲೈನಿಗೆ ಸೇರಿಸಬ್ಯಾಡ್ರಿ, ಲೈಟಿನ ಲೈನಿಂದ ತಗೊಳ್ರಿ.

ಜಾಗಾನೂ ಮುಖ್ಯ. ತವುಡಿನ ಧೂಳು ರೌಟರ್‌ನ ತೂತಿನೊಳಗ ಕುಂತ್ರ ಬಿಸಿ ಹೊರಗ ಹೋಗಂಗಿಲ್ಲ, ನಮ್ಮ ಕಡೆ ಬ್ಯಾಸಗಿಗೆ ತಗಡಿನ ಕೆಳಗ ಮೊದಲೇ ಕಾದಿರ್ತದ. ರೌಟರ್‌ನ್ನ ಆಫೀಸ್ ಕೋಣೆಯ ಗೋಡೆಗೆ ಬಾಕ್ಸಿನಾಗ ಇಡ್ರಿ. ಸಿಮ್ ರೌಟರ್ ಮಾತ್ರ ಕಬ್ಬಿಣದ ಬಾಕ್ಸಿನಾಗ ಬ್ಯಾಡ, ಸಿಗ್ನಲ್ ಸಾಯ್ತದ. ಕಿಟಕಿ ಹತ್ರ, ಎತ್ತರದಾಗ ಇಡ್ರಿ.

ಸಿಂಧನೂರು_ಸಿಸಿಟಿವಿ:
ಒಂದು ಪ್ರಶ್ನೆ. ವಿಪಿಎನ್ ಹಾಕಿದ್ರ ಐದು ವರ್ಷ ಲಾಗ್ ಇಡಬೇಕು ಅಂತ ಸರ್ಕಾರದ ಆದೇಶ ಅದ ಅಂತಾರ. ಗಿರಾಕಿಗಳು ಕೇಳ್ತಾರ.

ಬಳ್ಳಾರಿ_ಪ್ಯಾಕೆಟ್:
ಅದು ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತೆ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ. ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರೋರು ಗಿರಾಕಿಗಳ ವಿವರವನ್ನ ಐದು ವರ್ಷ ಇಡಬೇಕು ಅನ್ನೋದು. ಸಂಸ್ಥೆಗಳು ತಮ್ಮ ಒಳಬಳಕೆಗೆ ಹಾಕ್ಕೊಳ್ಳೋ ಕಾರ್ಪೊರೇಟ್ ವಿಪಿಎನ್‌ಗೆ ಈ ನಿಯಮ ಇಲ್ಲ ಅಂತ ಅವರೇ ಪ್ರಶ್ನೋತ್ತರದಲ್ಲಿ ಸ್ಪಷ್ಟ ಮಾಡಿದ್ದಾರೆ. ಮಿಲ್‌ಗೂ ಆಫೀಸಿಗೂ ಹಾಕೋ ಟನಲ್ ಈ ಎರಡನೇ ಗುಂಪಿನದು.

ಕೊಪ್ಪಳ_ಲಿನಕ್ಸ್:
ಫೋನು ಸೇರಿಸೋದಾದ್ರ ಒಂದು ಮಾತು. ಪ್ರತಿ ಫೋನಿಗೆ ಬೇರೆ ಕೀ, ಬೇರೆ ವಿಳಾಸ: 10.77.0.11/32, 12, 13 ಹಿಂಗ. ಒಂದೇ ಕ್ಯೂಆರ್ ಮೂವರು ಸ್ಕ್ಯಾನ್ ಮಾಡಿದ್ರ ಆಫೀಸ್ ರೌಟರ್ ಯಾರು ಕೊನೆಗೆ ಮಾತಾಡಿದ್ರೋ ಅವರಿಗೇ ಉತ್ತರ ಕಳಿಸ್ತೈತಿ, ಉಳಿದವರದ್ದು ನಿಲ್ತೈತಿ. ಕೆಲಸ ಬಿಟ್ಟವರ ಪಿಯರ್ ಅಳಿಸಿದ್ರ ಅವತ್ತೇ ಬಾಗಿಲು ಮುಚ್ತೈತಿ, ಬೇರೆಯವರ ಕೀ ಮುಟ್ಟಬೇಕಿಲ್ಲ. ಮಿಲ್‌ನಿಂದ ಆಫೀಸಿನ ಎಲ್ಲಾ ಕಂಪ್ಯೂಟರ್‌ಗೂ ದಾರಿ ಬೇಕಾಗಿಲ್ಲ. ಆಫೀಸ್ ರೌಟರ್‌ನಲ್ಲಿ ವಿಪಿಎನ್‌ನಿಂದ ಲ್ಯಾನ್‌ಗೆ ಬಿಟ್ಟಿದ್ದ ಫಾರ್ವರ್ಡ್ ತೆಗೆದು, ಟ್ಯಾಲಿ ಕಂಪ್ಯೂಟರ್‌ನ 3389ಕ್ಕೆ ಮಾತ್ರ ನಿಯಮ ಬರೀರಿ. ಆಫೀಸಿನಿಂದ ಕ್ಯಾಮೆರಾ ನೋಡೋಕ ಅದು ಅಡ್ಡ ಬರಲ್ಲ, ಈ ಕಡೆಯಿಂದ ಶುರುವಾದ ಮಾತಿಗೆ ಉತ್ತರ ತಾನಾಗೇ ಒಳಗ ಬರ್ತೈತಿ. ರೌಟರ್ ಬ್ಯಾಕಪ್ ಫೈಲ್‌ನಲ್ಲಿ ಪ್ರೈವೇಟ್ ಕೀ ಇರ್ತೈತಿ, ಅದನ್ನ ಗ್ರೂಪಿಗೆ ಹಾಕಬ್ಯಾಡ್ರಿ.

ಗಂಗಾವತಿ_ಮಿಲ್:
0.0.0.0/0 ತೆಗೆದೆ, ಡಿಎನ್‌ಎಸ್ ಸರಿ ಮಾಡಿದೆ. ಮಿಲ್‌ನ ಮೇನ್ ಸ್ವಿಚ್ ಹತ್ತು ನಿಮಿಷ ಆಫ್ ಮಾಡಿ ಹಚ್ಚಿದೆ. ರೌಟರ್‌ನ ಗಡಿಯಾರ ಮೊದಲು ಮೊನ್ನೆಯ ದಿನಾಂಕ ತೋರಿಸ್ತು, ಸ್ವಲ್ಪ ಹೊತ್ತಿಗೆ ಇವತ್ತಿಂದಕ್ಕ ಹಾರ್ತು, ಅದರ ಹಿಂದೇ ಹ್ಯಾಂಡ್‌ಶೇಕ್ ಬಂತು. ಆಫೀಸಿನದ್ದು ಮುಟ್ಟಲೇ ಇಲ್ಲ. ಇನ್ನ ಗೇಟಿನ ಹತ್ರ ಇರೋ ಬಿಡಿ ಕ್ಯಾಮೆರಾ ಒಂದು ಮಾತ್ರ ಆಫೀಸಿನಾಗ ಕಾಣವಲ್ದು.

ಸಿಂಧನೂರು_ಸಿಸಿಟಿವಿ:
ಅದರ ಗೇಟ್‌ವೇ ನೋಡ್ರಿ.